ಹನಿಗೂಡಿದ ಹಳ್ಳ, ಜನಗೂಡಿದ ನಕ್ಷೆ

ಬಳ್ಳಾರಿ ಸೀಮೆಯ ಕಾಲುವೆ, ಹಳ್ಳ, ಬಂಡಿದಾರಿಗಳನ್ನು ಲೋಕದ ನಕ್ಷೆಗೆ ಏರಿಸಬಲ್ಲ ಒಂದು ಉಚಿತ ತಂತ್ರಾಂಶದ ಪರಿಚಯ

ಊರು ಎಂಬುದು ಈ ಕಾಲದಲ್ಲಿ ಎರಡು ಕಡೆ ಇರಬೇಕಾಗಿದೆ: ಒಂದು ನೆಲದ ಮೇಲೆ, ಇನ್ನೊಂದು ನಕ್ಷೆಯ ಮೇಲೆ. ನೆಲದ ಮೇಲಿನ ಊರು ಅಲ್ಲಿ ಬಾಳುವವರಿಗೆ ಸಾಕು. ಗುಡಿ ಎಲ್ಲಿ, ಬಾವಿ ಎಲ್ಲಿ, ಮಳೆ ಹಿಡಿದಾಗ ಹಳ್ಳವನ್ನು ಯಾವ ಕಡೆಯಿಂದ ದಾಟಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹೊರಗಿನಿಂದ ಬರುವವನ ಪಾಡು ಬೇರೆ. ಹಿಂದೆ ಅವನು ಅರಳಿಕಟ್ಟೆಯ ಬಳಿ ಕುಳಿತ ಹಿರಿಯರನ್ನು ಕೇಳಿ ಮುಂದೆ ಹೋಗುತ್ತಿದ್ದನು. ಈಗ ಅವನು ಕೇಳುವುದು ಅಂಗೈಯಲ್ಲಿರುವ ಫೋನನ್ನು. ರೋಗಿಯನ್ನು ಕರೆದೊಯ್ಯಲು ಬರುವ ಗಾಡಿಯ ಚಾಲಕನೂ, ಅಂಚೆಯ ಪಾರ್ಸೆಲ್ ತರುವ ಹುಡುಗನೂ, ಹೆಣ್ಣು ನೋಡಲು ಬರುವ ಬೀಗರೂ ಅದನ್ನೇ ನೆಚ್ಚಿದ್ದಾರೆ. ಆ ಚಿಕ್ಕ ಗಾಜಿನ ಮೇಲೆ ಊರಿನ ಹೆಸರಿಲ್ಲದಿದ್ದರೆ, ದಾರಿ ಅರ್ಧಕ್ಕೇ ನಿಂತಿದ್ದರೆ, ನೆಲದ ಮೇಲೆ ಊರಿದ್ದೂ ಇಲ್ಲದಂತೆಯೇ ಸರಿ.

ಹಾಗಾದರೆ ನಕ್ಷೆಯ ಮೇಲಿನ ಊರನ್ನು ಕಟ್ಟುವವರು ಯಾರು? ಈ ಪ್ರಶ್ನೆಗೆ ಇಂದು ದೊರೆಯುವ ಉತ್ತರಗಳಲ್ಲಿ ಒಂದು ಬಹು ಸ್ವಾರಸ್ಯವಾದುದು: ಮನಸ್ಸಿರುವ ಯಾರು ಬೇಕಾದರೂ ಕಟ್ಟಬಹುದು. ಬಳ್ಳಾರಿಯ ಕೌಲ್ ಬಜಾರಿನ ಮನೆಯಲ್ಲಿ ಕುಳಿತ ಕಾಲೇಜು ವಿದ್ಯಾರ್ಥಿಯೂ ಕಟ್ಟಬಹುದು. ಕುರುಗೋಡಿನ ಶಾಲೆಯ ಉಪಾಧ್ಯಾಯಿನಿಯೂ ಕಟ್ಟಬಹುದು. ಸಿರುಗುಪ್ಪದ ಅಕ್ಕಿ ಗಿರಣಿಯ ಗುಮಾಸ್ತನೂ ಕಟ್ಟಬಹುದು. ಅದಕ್ಕೆ ಬೇಕಾದ ಉಪಕರಣಕ್ಕೆ ಬಿಡಿಗಾಸನ್ನೂ ತೆರಬೇಕಾಗಿಲ್ಲ.

ಸರಪಳಿ ಎಳೆದವರ ಕಾಲ

ನಕ್ಷೆ ಬರೆಯುವುದು ಬಹುಕಾಲ ಅರಸರ ಕೆಲಸವಾಗಿತ್ತು. ನಮ್ಮ ದೇಶದ ಸರ್ವೇ ಇಲಾಖೆ ಹುಟ್ಟಿದ್ದು 1767ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆಶ್ರಯದಲ್ಲಿ. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮನಿಂದ ಕಂಪನಿಯ ಕೈಗೆ ಬಂದಾಗ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಇಲ್ಲಿನ ಹೊಲಗದ್ದೆಗಳನ್ನು ಅಳೆಯಿಸಿದನು. ಮೈಸೂರು ಸೀಮೆಯನ್ನೂ, ಈ ಭಾಗವನ್ನೂ ಸರ್ವೇ ಮಾಡಿಸಿದ ಕಾಲಿನ್ ಮೆಕೆಂಜಿ 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದನು. ಸರಪಳಿ ಎಳೆದವರು, ಕಲ್ಲು ನೆಟ್ಟವರು, ಊರಿನ ಹೆಸರು ಹೇಳಿದವರು ಎಲ್ಲರೂ ಇಲ್ಲಿನ ಜನರೇ. ಆದರೆ ಬರೆದು ಮುಗಿದ ನಕ್ಷೆ ಅವರ ಕೈಗೆ ಬರಲಿಲ್ಲ. ಅದು ಕಂದಾಯಕ್ಕೂ ದಂಡಿಗೂ ಬೇಕಾದ ಗುಟ್ಟಿನ ಸೊತ್ತಾಗಿ ಕಚೇರಿಯ ಪೆಟ್ಟಿಗೆಯಲ್ಲಿ ಉಳಿಯಿತು.

ಸ್ವಾತಂತ್ರ್ಯಾನಂತರವೂ ಈ ಬಿಗಿ ಬಹುಕಾಲ ಸಡಿಲವಾಗಲಿಲ್ಲ. 2005ರ ರಾಷ್ಟ್ರೀಯ ನಕ್ಷಾನೀತಿ ಒಂದಿಷ್ಟು ಬಾಗಿಲು ತೆರೆಯಿತು. 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಗಳು, ಭಾರತೀಯರು ನಕ್ಷೆ ತಯಾರಿಸುವುದಕ್ಕೆ ಮೊದಲೇ ಅನುಮತಿ ಪಡೆಯಬೇಕೆಂಬ ಕಟ್ಟಳೆಯನ್ನು ತೆಗೆದುಹಾಕಿದುವು. ದೇಶದ ರಕ್ಷಣೆಗೆ ಸಂಬಂಧಿಸಿದ ಕೆಲವು ವಿವರಗಳಿಗೆ ಮಾತ್ರ ನಿರ್ಬಂಧ ಉಳಿದಿದೆ.

ಇಂಗ್ಲೆಂಡಿನಲ್ಲಿಯೂ ಇಂಥದೇ ಒಂದು ಬೇಸರದಿಂದ ಹೊಸ ದಾರಿಯೊಂದು ಹುಟ್ಟಿತು. ಅಲ್ಲಿನ ಸರ್ಕಾರಿ ನಕ್ಷೆಯ ವಿವರಗಳನ್ನು ಬಳಸಲು ಹಣ ತೆರಬೇಕಾಗಿತ್ತು. 2004ರಲ್ಲಿ ಲಂಡನ್ನಿನ ವಿದ್ಯಾರ್ಥಿ ಸ್ಟೀವ್ ಕೋಸ್ಟ್, ಜನರೇ ತಮ್ಮ ಬೀದಿಗಳನ್ನು ತಾವೇ ಬರೆದು ಒಂದುಗೂಡಿಸಿದರೆ ಆಗದೇ ಎಂದು ಯೋಚಿಸಿ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ನಕ್ಷೆಯನ್ನು ಆರಂಭಿಸಿದನು. ಇದನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ತಮ್ಮ ಕೆಲಸಕ್ಕೆ ಉಪಯೋಗಿಸಿಕೊಳ್ಳಬಹುದು. ಮೂಲವನ್ನು ಹೆಸರಿಸಬೇಕು ಮತ್ತು ತಾನು ಸೇರಿಸಿ ಬೆಳೆಸಿದ ಮಾಹಿತಿಯನ್ನು ಹೊರಗೆ ಹಂಚುವಾಗ ಇತರರಿಗೂ ಹಾಗೆಯೇ ಮುಕ್ತವಾಗಿಡಬೇಕು ಎಂಬುದೇ ಮುಖ್ಯವಾದ ಕರಾರು. ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಚುಕ್ಕಿಯ ರಂಗವಲ್ಲಿ

ಈ ನಕ್ಷೆಯನ್ನು ತಿದ್ದಲು ಹಲವು ಉಪಕರಣಗಳುಂಟು. ಅವುಗಳಲ್ಲಿ ಹಳಬರ ಮೆಚ್ಚುಗೆಗೆ ಪಾತ್ರವಾದದ್ದು ‘ಜೋಸಂ’. ‘ಜಾವಾ ಓಪನ್‌ಸ್ಟ್ರೀಟ್‌ಮ್ಯಾಪ್ ಎಡಿಟರ್’ ಎಂಬ ಉದ್ದನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರಿದು. ಇಮ್ಯಾನ್ಯುಯೆಲ್ ಶೋಲ್ಟ್ಸ್ ಎಂಬವರು ಇದನ್ನು ಬರೆಯತೊಡಗಿದರು. 2006ರಲ್ಲಿ ಇದರ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಆಮೇಲೆ ಅನೇಕರು ಸಂಬಳವಿಲ್ಲದೆ ಇದನ್ನು ಬೆಳೆಸುತ್ತ ಬಂದಿದ್ದಾರೆ. ಇದು ಮುಕ್ತ ತಂತ್ರಾಂಶ. ಎಂದರೆ, ಬಿಟ್ಟಿಯಾಗಿ ಸಿಕ್ಕುವುದಷ್ಟೇ ಅಲ್ಲ. ಅದನ್ನು ಹೇಗೆ ಬರೆಯಲಾಗಿದೆ ಎಂಬುದನ್ನು ಬಲ್ಲವರು ತೆರೆದು ನೋಡಬಹುದು, ಬೇಕಾದಂತೆ ಮಾರ್ಪಡಿಸಿ ಹಂಚಬಹುದು. ವಿಂಡೋಸ್, ಲಿನಕ್ಸ್, ಮ್ಯಾಕ್ ಯಾವ ಬಗೆಯ ಗಣಕಯಂತ್ರವಾದರೂ ಇದಕ್ಕೆ ಸಾಕು.

ಈ ನಕ್ಷೆಯ ಒಳಗುಟ್ಟು ನಮ್ಮ ಗೃಹಿಣಿಯರಿಗೆ ಯಾರಿಗಿಂತಲೂ ಬೇಗ ತಿಳಿಯಬೇಕು. ಏಕೆಂದರೆ ಇದು ಚುಕ್ಕಿಯ ರಂಗವಲ್ಲಿ. ಮೊದಲು ಚುಕ್ಕಿ, ಒಂದು ಬಾವಿ, ಒಂದು ಬಸ್ ನಿಲ್ದಾಣ, ಒಂದು ಮರ ಚುಕ್ಕಿಯಾಗಬಹುದು. ಚುಕ್ಕಿಗಳನ್ನು ಕೂಡಿಸಿದರೆ ಗೆರೆ. ರಸ್ತೆ, ಕಾಲುವೆ, ಹಳ್ಳಗಳೆಲ್ಲ ಗೆರೆಗಳು. ಗೆರೆಯ ಎರಡು ತುದಿ ಸೇರಿದರೆ ಅದು ಕೆರೆಯೋ ಗದ್ದೆಯೋ ಮನೆಯೋ ಆಗುತ್ತದೆ. ಅನೇಕ ಗೆರೆಗಳನ್ನು ಒಂದು ಹೆಸರಿನಡಿಯಲ್ಲಿ ಕಟ್ಟಿದ ಕಟ್ಟು ಮೂರನೆಯದು. ಬಸ್ಸಿನ ಮಾರ್ಗ, ತಾಲ್ಲೂಕಿನ ಎಲ್ಲೆ ಇಂಥ ಕಟ್ಟುಗಳು. ಈ ಮೂರರ ಮೇಲೂ ಅಡುಗೆಮನೆಯ ಡಬ್ಬಿಗಳಿಗೆ ಅಂಟಿಸುವಂತೆ ಚೀಟಿ ಅಂಟಿಸಬೇಕು. ಇದು ಕಾಲುವೆ, ಇದು ಮಣ್ಣಿನ ದಾರಿ, ಇದು ಶಾಲೆ ಎಂದು ಚೀಟಿ ಹೇಳದಿದ್ದರೆ ಗೆರೆ ಬರಿಯ ಗೆರೆಯಾಗಿ ಉಳಿಯುತ್ತದೆ.

ಜೋಸಂ ಕೆಲಸ ಮಾಡುವ ಕ್ರಮ ಹೀಗಿದೆ. ಮೊದಲು ಬೇಕಾದ ಸೀಮೆಯನ್ನು, ಸಿರುಗುಪ್ಪದ ಪಕ್ಕದ ಒಂದು ಹಳ್ಳಿ ಎಂದಿಟ್ಟುಕೊಳ್ಳೋಣ, ಅಂತರ್ಜಾಲದಿಂದ ತನ್ನ ಯಂತ್ರಕ್ಕೆ ಇಳಿಸಿಕೊಳ್ಳಬೇಕು. ಅದರ ಕೆಳಗೆ ಉಪಗ್ರಹ ತೆಗೆದ ಚಿತ್ರವನ್ನು ಹಾಸಬಹುದು. ಅದರ ಮೇಲೆ, ಫೋನ್ ಹಿಡಿದು ನಡೆದಾಗ ದಾಖಲಾದ ಹೆಜ್ಜೆಯ ಜಾಡನ್ನು ಇಡಬಹುದು. ದಾರಿಯಲ್ಲಿ ತೆಗೆದ ಛಾಯಾಚಿತ್ರಗಳನ್ನೂ ಅವುಗಳ ಸ್ಥಳದಲ್ಲಿ ಕೂಡಿಸಬಹುದು. ಒಂದರ ಮೇಲೊಂದು ತೆಳುಕಾಗದವಿಟ್ಟು ಚಿತ್ರ ತೆಗೆಯುವ ಹುಡುಗರ ಆಟದಂತೆಯೇ ಇದು. ‘ಎ’ ಅಕ್ಷರ ಒತ್ತಿದರೆ ಗೆರೆ ಎಳೆಯಬಹುದು. ‘ಎಸ್’ ಒತ್ತಿದರೆ ಎಳೆದುದನ್ನು ಆರಿಸಬಹುದು. ‘ಪಿ’ ಒತ್ತಿದರೆ ಒಂದು ಗೆರೆ ಎರಡಾಗುತ್ತದೆ. ‘ಸಿ’ ಒತ್ತಿದರೆ ಎರಡು ಒಂದಾಗುತ್ತವೆ. ಸೊಟ್ಟಗೆ ಬಂದ ಮನೆಯ ಮೂಲೆಗಳು ‘ಕ್ಯು’ ಒತ್ತಿದೊಡನೆ ನೇರವಾಗುತ್ತವೆ. ಇಳಿಸಿಕೊಂಡ ಮೇಲೆ ಅಂತರ್ಜಾಲ ಇಲ್ಲದಿದ್ದರೂ ಗೆರೆ ಎಳೆಯುವ ಕೆಲಸ ಸಾಗುತ್ತದೆ. ಸಂಪರ್ಕ ಬಂದು ಹೋಗುವ ಹಳ್ಳಿಗಾಡಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಯಂತ್ರ ಕೇಳುವ ಪ್ರಶ್ನೆ

ಬರೆದುದನ್ನು ಲೋಕಕ್ಕೆ ಒಪ್ಪಿಸುವ ಮುನ್ನ ಜೋಸಂ ಒಮ್ಮೆ ಪರೀಕ್ಷೆ ನಡೆಸುತ್ತದೆ. ಕಟ್ಟುನಿಟ್ಟಾದ ಉಪಾಧ್ಯಾಯರು ಕೆಂಪು ಶಾಯಿ ಹಿಡಿದು ಉತ್ತರಪತ್ರಿಕೆ ನೋಡಿದಂತೆ, ತಪ್ಪೆಂದು ಶಂಕೆ ಬಂದ ಕಡೆಯಲ್ಲೆಲ್ಲ ಗುರುತು ಹಾಕುತ್ತದೆ. ಈ ರಸ್ತೆಯ ತುದಿ ಮುಂದಿನ ರಸ್ತೆಗೆ ತಾಗಿಲ್ಲ, ಈ ಗೆರೆಗೆ ಚೀಟಿಯಿಲ್ಲ, ಒಂದೇ ಜಾಗದಲ್ಲಿ ಎರಡು ಚುಕ್ಕಿ ಬಿದ್ದಿವೆ, ಹೀಗೆ.

ಬಳ್ಳಾರಿ ಸೀಮೆಯ ನಕ್ಷೆ ಬರೆಯುವವನಿಗೆ ಮತ್ತೆ ಮತ್ತೆ ಎದುರಾಗಬಹುದಾದ ಗುರುತೊಂದಿದೆ: ರಸ್ತೆ ಕಾಲುವೆಯನ್ನು ದಾಟುತ್ತಿದೆ, ಹೇಗೆಂದು ಹೇಳಿಲ್ಲ. ಈ ಜಿಲ್ಲೆಯ ಭೂಗೋಳವೇ ಅಂಥದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಜನರು ಎಲ್‌ಎಲ್‌ಸಿ, ಎಚ್‌ಎಲ್‌ಸಿ ಎಂದು ಕರೆಯುವ ಎರಡು ಕಾಲುವೆಗಳು ಇಲ್ಲಿನ ಎರೆನೆಲದ ಮೇಲೆ ಹರಿದುವು. ಅದಕ್ಕೂ ಮುಂಚೆ ವಿಜಯನಗರದ ಕಾಲದ ಕಾಲುವೆಗಳು ಸಿರುಗುಪ್ಪ, ದೇಶನೂರುಗಳ ಗದ್ದೆಗಳಿಗೆ ನೀರುಣಿಸುತ್ತಿದ್ದುವು. ಸಿರಿಯ ಗುಪ್ಪೆಯೇ ಸಿರುಗುಪ್ಪವಾಯಿತೆಂದು ಹೇಳುವುದುಂಟು. ಸುತ್ತಲಿನ ಬೆದ್ದಲು ನೆಲದ ನಡುವೆ ಆ ಹಸುರನ್ನು ಕಂಡವರಿಗೆ ಹೆಸರು ಒಪ್ಪುತ್ತದೆ. ಕಾಲುವೆ, ಉಪಕಾಲುವೆ, ತೂಬು, ಬಸಿಗಾಲುವೆಗಳ ಈ ಬಲೆಯನ್ನು ಬಂಡಿದಾರಿಗಳು ಅಡಿಗಡಿಗೆ ದಾಟುತ್ತವೆ.

ದಾಟುವುದು ಹೇಗೆ? ಮೇಲೆ ಸೇತುವೆಯಿದೆಯೆ? ದಾರಿಯ ಕೆಳಗೆ ಸಿಮೆಂಟಿನ ಕೊಳವೆ ಹಾಕಿ ನೀರು ಬಿಟ್ಟಿದ್ದಾರೆಯೆ? ಅಥವಾ ಬಂಡಿ ನೀರಿಗಿಳಿದೇ ದಾಟಬೇಕೆ? ಆಕಾಶದಿಂದ ತೆಗೆದ ಚಿತ್ರದಲ್ಲಿ ಈ ಮೂರೂ ಒಂದೇ ಬಗೆಯಾಗಿ ಕಾಣಬಹುದು. ಬೆಂಗಳೂರಿನಲ್ಲಿಯೋ ಬರ್ಲಿನ್ನಿನಲ್ಲಿಯೋ ಕುಳಿತು ಗೆರೆ ಎಳೆಯುವ ಸಜ್ಜನನು ಎಷ್ಟೇ ಜಾಣನಾದರೂ ಇಲ್ಲಿ ಊಹಿಸಬಲ್ಲನೇ ಹೊರತು ಹೇಳಲಾರನು. ಹೇಳಬಲ್ಲವನು ನಿನ್ನೆ ಅದೇ ದಾರಿಯಲ್ಲಿ ಎತ್ತು ಹೊಡೆದುಕೊಂಡು ಬಂದ ರೈತ, ಇಲ್ಲವೇ ಸೈಕಲ್ ತುಳಿದು ಶಾಲೆಗೆ ಹೋದ ಹುಡುಗಿ.

ಈ ಉಪಕರಣದ ಹೆಚ್ಚುಗಾರಿಕೆ ಇಲ್ಲಿಯೇ ಇದೆ ಎನ್ನಬಹುದು. ಅದು ಎಲ್ಲವನ್ನೂ ತಾನೇ ಬಲ್ಲೆನೆಂದು ನಟಿಸುವುದಿಲ್ಲ. ಎಲ್ಲಿ ಅರಿವಿನ ಕೊರತೆಯಿದೆಯೋ ಅಲ್ಲಿ ಬೆರಳಿಟ್ಟು ಕೇಳುತ್ತದೆ. ಉತ್ತರ ಹೇಳುವ ಹೊಣೆ ನೆಲ ಬಲ್ಲವರದು.

ಪ್ರಶ್ನೆ ಚಿಕ್ಕದೆಂದು ತೋರಬಹುದು. ಅದರ ಬೆಲೆ ಚಿಕ್ಕದಲ್ಲ. ಎರೆನೆಲದ ದಾರಿ ಬೇಸಗೆಯಲ್ಲಿ ಕಲ್ಲಿನಂತಿದ್ದು, ಒಂದು ಹದಮಳೆ ಬಿದ್ದೊಡನೆ ಗಾಲಿಗಳನ್ನು ಅಂಟಿ ಹಿಡಿಯುತ್ತದೆ. ಚಿತ್ರ ನೋಡಿ ಬರೆದವನು ಅದನ್ನು ಒಳ್ಳೆಯ ರಸ್ತೆಯೆಂದು ಗುರುತಿಸಿದ್ದರೆ, ಶ್ರಾವಣದ ರಾತ್ರಿ ಬಸುರಿಯನ್ನು ಕರೆದೊಯ್ಯಲು ಬಂದ ಗಾಡಿ ಅದೇ ದಾರಿ ಹಿಡಿದು ಕೆಸರಿನಲ್ಲಿ ನಿಂತೀತು. ‘ಮಣ್ಣಿನ ದಾರಿ’ ಎಂಬ ಒಂದು ಚೀಟಿ ಗಾಡಿಯನ್ನು ಎರಡು ಮೈಲಿ ಸುತ್ತಿಸಿದರೂ ಡಾಂಬರಿನ ಮೇಲೆಯೇ ಕರೆದೊಯ್ಯಲು ನೆರವಾದೀತು.

ಹೆಸರುಗಳ ಹಕ್ಕು

ದಾರಿಯಷ್ಟೇ ಮುಖ್ಯವಾದುದು ಹೆಸರು. ಬಳ್ಳಾರಿ ಎರಡು ನುಡಿಗಳ ಸಂಗಮ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಗೆರೆ ಬಿದ್ದರೂ ಮಾತು ಗೆರೆಗೆ ನಿಲ್ಲಲಿಲ್ಲ. ಗಡಿಯ ಎರಡೂ ಕಡೆ ಕನ್ನಡ ತೆಲುಗುಗಳು ಒಂದೇ ಮನೆಯಲ್ಲಿ ಬಾಳುತ್ತಿವೆ. ಇಂಥ ಸೀಮೆಗೆ ಒಂದೇ ಹೆಸರು ಸಾಲದು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಒಂದು ಊರಿಗೆ ಕನ್ನಡದ ಹೆಸರು, ತೆಲುಗಿನ ಹೆಸರು, ಉರ್ದುವಿನ ಹೆಸರು, ಇಂಗ್ಲಿಷಿನ ಹೆಸರು ಎಂದು ಬೇರೆ ಬೇರೆ ಚೀಟಿಗಳನ್ನು ಅಂಟಿಸಲು ಅವಕಾಶವಿದೆ. ಒಂದು ಇನ್ನೊಂದನ್ನು ಅಳಿಸಬೇಕಾಗಿಲ್ಲ. ಹಳೆಯ ಹೆಸರಿಗೂ, ಬಳಕೆಯ ಇನ್ನೊಂದು ಹೆಸರಿಗೂ ಅಲ್ಲಿ ಸ್ಥಾನವುಂಟು.

2014ರ ನವೆಂಬರ್ 1ರಂದು ಸರ್ಕಾರ ಈ ನಗರದ ಇಂಗ್ಲಿಷ್ ಬರವಣಿಗೆಯನ್ನು ‘ಬೆಳ್ಳಾರಿ’ಯಿಂದ ‘ಬಳ್ಳಾರಿ’ಗೆ ತಿದ್ದಿತು. ಕನ್ನಡಿಗರು ಎಂದೂ ಬೇರೆಯಾಗಿ ಕರೆದವರಲ್ಲ; ತಪ್ಪಿದ್ದುದು ಪರರ ಲೇಖನಿಯಲ್ಲಿ. ನಗರದ ರಾಯಲ್ ಸರ್ಕಲಿಗೆ ಗಡಿಗಿ ಚೆನ್ನಪ್ಪನವರ ಹೆಸರಿಟ್ಟಿದ್ದಾರೆ; ಆಟೋದವರಿಗೆ ಎರಡು ಹೆಸರೂ ಗೊತ್ತು, ನಕ್ಷೆಗೂ ಗೊತ್ತಿರಬೇಕು. ಹಗರಿ ಎಂದು ಇಲ್ಲಿನವರು ಕರೆಯುವ ನದಿಯೇ ವೇದಾವತಿ; ಮೇಲಿನ ಸೀಮೆಯವರಿಗೆ ಒಂದು ಹೆಸರು, ಕೆಳಗಿನವರಿಗೆ ಮತ್ತೊಂದು. ಅದು ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆಯನ್ನು ಸೇರುತ್ತದೆ.

ಇನ್ನು ಎಲ್ಲೆಗಳ ಮಾತು. ಬಳ್ಳಾರಿ ತಾಲ್ಲೂಕಿಗೆ ಸೇರಿದ್ದ ಕುರುಗೋಡು ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕಿನ ಕೇಂದ್ರವಾಗಿದೆ. 2021ರಲ್ಲಿ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗ ವಿಜಯನಗರ ಜಿಲ್ಲೆಯಾಗಿ ಬೇರೆಯಾಯಿತು. ಅಚ್ಚಾದ ಭೂಪಟ ಒಂದೇ ದಿನದಲ್ಲಿ ಹಳತಾಯಿತು. ಗಣಕದ ನಕ್ಷೆಯಲ್ಲಿ ಇಂಥ ಎಲ್ಲೆ ಎಂಬುದು ಹತ್ತಾರು ಗೆರೆಗಳ ಕಟ್ಟು. ಒಂದು ಕಡೆ ಎಳೆದರೆ ಪಕ್ಕದ ತಾಲ್ಲೂಕಿನ ಬೇಲಿ ಕಿತ್ತೀತು. ಜೋಸಂ ಆ ಕಟ್ಟನ್ನು ಬಿಚ್ಚಿ, ಗೆರೆಗಳನ್ನು ಸಾಲಾಗಿ ಜೋಡಿಸಿ, ಎಲ್ಲಿ ಕೊಂಡಿ ತಪ್ಪಿದೆ ಎಂಬುದನ್ನು ತೋರಿಸುತ್ತದೆ. ತೊಡಕಿನ ಕೆಲಸಕ್ಕೆ ಹಳಬರು ಇದನ್ನೇ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಕುರುಗೋಡು ಒಮ್ಮೆ ಸಿಂದರ ರಾಜಧಾನಿ. ದೊಡ್ಡಬಸವೇಶ್ವರ ದೇವಾಲಯದ ಬೃಹತ್ತಾದ ನಂದಿಯಿಂದ ಹೆಸರಾದ ಊರು. ಬಳ್ಳಾರಿಯ ಹತ್ತಿರದ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಇವು ನವಶಿಲಾಯುಗದ ಮಾನವನು ಬಾಳಿದ ನೆಲೆಗಳು. ಗುಡ್ಡಗಳನ್ನು ಕಲ್ಲಿಗಾಗಿ ಸೀಳುತ್ತಿರುವ ಈ ನಾಡಿನಲ್ಲಿ, ಯಾವ ಗುಡ್ಡದ ಮೇಲೆ ಏನಿದೆ ಎಂಬುದು ಎಲ್ಲರೂ ನೋಡುವ ನಕ್ಷೆಯಲ್ಲಿರುವುದು ಒಂದು ಬಗೆಯ ಕಾವಲು.

ನೀರು ಏರಿದ ದಿನ

ಇಂಥ ನಕ್ಷೆಯ ಶಕ್ತಿಯನ್ನು ಲೋಕ ಕಂಡದ್ದು ಒಂದು ದುರಂತದಲ್ಲಿ. 2010ರ ಜನವರಿ 12ರಂದು ಹೈಟಿ ದ್ವೀಪರಾಜ್ಯದಲ್ಲಿ ಭೂಮಿ ನಡುಗಿ ರಾಜಧಾನಿ ಪೋರ್ಟ್-ಓ-ಪ್ರಿನ್ಸ್ ನೆಲಕಚ್ಚಿತು. ನೆರವಿಗೆ ಧಾವಿಸಿದವರಿಗೆ ಆ ನಗರದ ಸರಿಯಾದ ನಕ್ಷೆ ಸಿಕ್ಕಲಿಲ್ಲ. ಆಗ ನಾನಾ ದೇಶಗಳ ಸ್ವಯಂಸೇವಕರು ತಂತಮ್ಮ ಮನೆಗಳಲ್ಲಿ ಕುಳಿತು, ಹೊಸದಾಗಿ ಬಂದ ಆಕಾಶಚಿತ್ರಗಳನ್ನು ನೋಡಿ, ಬೀದಿಬೀದಿಯಾಗಿ ಗೆರೆ ಎಳೆದರು. ಕೆಲವೇ ದಿನಗಳಲ್ಲಿ ಮೂಡಿದ ಆ ನಕ್ಷೆಯನ್ನು ರಕ್ಷಣಾದಳಗಳವರು ಬಳಸಿದರು. 2015ರ ನೇಪಾಳದ ಭೂಕಂಪದಲ್ಲಿಯೂ ಇದೇ ನಡೆಯಿತು.

ತುಂಗಭದ್ರೆಯ ದಡದವರಿಗೆ ಇದು ದೂರದ ಕಥೆಯಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಪ್ರವಾಹಕ್ಕೆ ತುತ್ತಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ನೀರು ಏರಿದಾಗ ಕೇಳುವ ಪ್ರಶ್ನೆಗಳು ಕೆಲವೇ: ಎತ್ತರದ ನೆಲ ಎಲ್ಲಿದೆ? ಯಾವ ಸೇತುವೆ ಮೊದಲು ಮುಳುಗುತ್ತದೆ? ಶಾಲೆಯ ಕಟ್ಟಡಕ್ಕೆ ಯಾವ ದಾರಿ? ಇವಕ್ಕೆ ಉತ್ತರ ನೀರು ಇಳಿದಿರುವಾಗಲೇ ಬರೆದಿರಬೇಕು. ದಡದ ಮನೆಗಳು ಎತ್ತರಕ್ಕೆ ಸರಿದಾಗ ನಕ್ಷೆಯೂ ಸರಿಯಬೇಕು. ಇಲ್ಲವಾದರೆ ದೋಣಿ ಖಾಲಿ ಊರಿಗೆ ಹೋದೀತು.

ಎಚ್ಚರಿಕೆಯ ಮಾತು

ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯನ್ನು ಯಾರು ಬೇಕಾದರೂ ಕೆಡಿಸಬಹುದಲ್ಲವೆ ಎಂಬ ಸಂದೇಹ ಓದುಗರಿಗೆ ಬಂದಿದ್ದರೆ ಅದು ಸಹಜವೇ. ಕೆಡಿಸುವವರು ಇಲ್ಲದಿಲ್ಲ. ಆದರೆ ಪ್ರತಿಯೊಂದು ತಿದ್ದುಪಡಿಯೂ ತಿದ್ದಿದವನ ಖಾತೆಯ ಹೆಸರಿನಲ್ಲಿ ದಾಖಲಾಗುತ್ತದೆ. ಏನು ತಿದ್ದಿದೆ, ಯಾವ ಆಧಾರದಿಂದ ತಿದ್ದಿದೆ ಎಂದು ಬರೆಯುವುದು ಪದ್ಧತಿ. ತಪ್ಪಿದ್ದರೆ ಮತ್ತೊಬ್ಬರು ಹಿಂದಿನ ಸ್ಥಿತಿಗೆ ತರಬಹುದು. ಇಬ್ಬರು ಒಂದೇ ರಸ್ತೆಯನ್ನು ಒಂದೇ ಹೊತ್ತಿನಲ್ಲಿ ತಿದ್ದಿದ್ದರೆ, ಜೋಸಂ ಎರಡು ಪಾಠಗಳನ್ನೂ ಅಕ್ಕಪಕ್ಕದಲ್ಲಿಟ್ಟು ಯಾವುದನ್ನು ಉಳಿಸಿಕೊಳ್ಳುವಿರಿ ಎಂದು ಕೇಳುತ್ತದೆ. ಹಳೆಗನ್ನಡ ಕಾವ್ಯಗಳ ಪಾಠಾಂತರಗಳನ್ನು ತೂಗಿ ನೋಡುವ ಸಂಪಾದಕರ ಕೆಲಸಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಪಾಲಿಸಬೇಕಾದ ನಿಯಮಗಳೂ ಉಂಟು. ಬೇರೆ ಕಂಪನಿಯ ನಕ್ಷೆಯನ್ನು ನೋಡಿ ನಕಲು ಮಾಡಕೂಡದು, ಅದು ಕಳ್ಳತನ. ಮನೆಯನ್ನು ಗುರುತಿಸಬಹುದು, ಮನೆಯಲ್ಲಿರುವವರ ಹೆಸರನ್ನು ಬರೆಯಬಾರದು. ಉಪಗ್ರಹದ ಚಿತ್ರ ಕೆಲವು ಮಾರುಗಳಷ್ಟು ಪಕ್ಕಕ್ಕೆ ಸರಿದಿರುವುದುಂಟು. ನಡೆದ ಜಾಡಿನೊಡನೆ ತಾಳೆ ನೋಡಿ ಸರಿಪಡಿಸದೆ ಗೆರೆ ಎಳೆದರೆ ಇಡೀ ಬೀದಿ ಪಕ್ಕದ ಗದ್ದೆಯಲ್ಲಿ ನಿಲ್ಲುತ್ತದೆ. ಊಹೆಯನ್ನು ಸತ್ಯವೆಂದು ಬರೆಯುವುದಕ್ಕಿಂತ ಏನನ್ನೂ ಬರೆಯದಿರುವುದು ಮೇಲು.

ಜೋಸಂ ಮೊದಲ ದಿನವೇ ಕೈವಶವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಅದರ ಗುಂಡಿಗಳೂ ಪಟ್ಟಿಗಳೂ ಹೊಸಬರನ್ನು ಅಂಜಿಸುತ್ತವೆ. ಆರಂಭಿಸುವವರಿಗೆಂದು ಅಂತರ್ಜಾಲದ ಪುಟದಲ್ಲಿಯೇ ತೆರೆಯುವ ‘ಐಡಿ’ ಎಂಬ ಸರಳ ಉಪಕರಣವಿದೆ; ಫೋನಿನಲ್ಲಿ ನಡೆಯುವ ‘ಸ್ಟ್ರೀಟ್‌ಕಂಪ್ಲೀಟ್’ ಇನ್ನೂ ಸುಲಭ. ಅಲ್ಲಿ ಕೈ ಪಳಗಿಸಿಕೊಂಡು ಜೋಸಂಗೆ ಬಂದವರು ಹಿಂತಿರುಗುವುದು ವಿರಳ.

ಭಾನುವಾರದ ಕೆಲಸ

ಈ ಕಾರ್ಯಕ್ಕೆ ವಿದ್ವತ್ತಿನ ಅಗತ್ಯವಿಲ್ಲ. ಬಿಡುವೂ ಕುತೂಹಲವೂ ಸಾಕು. ಅನೇಕ ನಗರವಾಸಿ ಮನೆತನಗಳಿಗೆ ಕುರುಗೋಡು, ಕಂಪ್ಲಿ, ಸಿರುಗುಪ್ಪಗಳ ಕಡೆ ಒಂದು ಮೂಲದ ಊರಿರುತ್ತದೆ. ಅಲ್ಲಿ ಒಬ್ಬ ಅಜ್ಜಿಯಿರುತ್ತಾಳೆ. ಜಾತ್ರೆಗೆಂದೋ ಹಬ್ಬಕ್ಕೆಂದೋ ಹೋದಾಗ ಮಕ್ಕಳು ಫೋನ್ ಹಿಡಿದು ಊರ ಸುತ್ತ ಒಂದು ಸುತ್ತು ನಡೆಯಲಿ. ಈ ಹಳ್ಳದ ಹೆಸರೇನು, ಆ ದಿಬ್ಬಕ್ಕೆ ಏನೆನ್ನುತ್ತಾರೆ, ಹಳೆಯ ಅಗಸೆ ಎಲ್ಲಿತ್ತು ಎಂದು ಅಜ್ಜಿಯನ್ನು ಕೇಳಲಿ. ಅವಳ ತಲೆಮಾರಿನೊಡನೆ ಮರೆಯಾಗಲಿರುವ ಎಷ್ಟೋ ಹೆಸರುಗಳು ಯಾವ ಕಡತದಲ್ಲಿಯೂ ಇಲ್ಲ. ಮನೆಗೆ ಬಂದು ಅವನ್ನು ಕನ್ನಡದ ಅಕ್ಷರಗಳಲ್ಲಿಯೇ ನಕ್ಷೆಗೆ ಏರಿಸಲಿ.

ಮನ್ರೋವಿನ ಕಾಲದಲ್ಲಿ ಊರಿನವನು ಹೆಸರು ಹೇಳಿದನು, ಬರೆದುಕೊಂಡವನು ಮತ್ತೊಬ್ಬ. ಅವನ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಹೆಸರು ಉಳಿಯಿತು. ಇಂದು ಹೇಳುವವನೇ ಬರೆಯಬಹುದು. ಕಾಲುವೆಯ ಮೇಲೆ ಸೇತುವೆಯಿದೆಯೇ ಎಂದು ಯಂತ್ರ ಕೇಳುತ್ತ ಕುಳಿತಿದೆ. ಆ ಸೇತುವೆಯನ್ನು ದಿನವೂ ದಾಟುವವರು ಉತ್ತರ ಕೊಡುವುದಷ್ಟೇ ಉಳಿದಿದೆ.